ಮೈಕಿಲ್ಲದ ಕಾಲದಲ್ಲಿ ಕೊನೆಯ ಸಾಲಿಗೆ ಮಾತು ಹೇಗೆ ಮುಟ್ಟುತ್ತಿತ್ತು?

ಪ್ರಾಚೀನ ಗ್ರೀಕ್ ರಂಗಮಂದಿರಗಳಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಜನ ಕೂತು ನಾಟಕ ನೋಡುತ್ತಿದ್ದರೆಂದು ಓದಿದವರೆಲ್ಲ ಕೇಳುವ ಪ್ರಶ್ನೆಯಿದು: ಅಷ್ಟೂ ಮಂದಿಗೆ ನಟನ ಮಾತು ಕೇಳಿಸುತ್ತಿತ್ತೇ? ಕೇಳಿಸುತ್ತಿತ್ತು, ಆದರೆ ಅದಕ್ಕಾಗಿ ನಟ ತನ್ನ ಮುಖವನ್ನೇ ಬಿಟ್ಟುಕೊಡಬೇಕಾಯಿತು.

ಮೊದಲು ಲೆಕ್ಕ ನೋಡೋಣ. ಬಯಲಿನಲ್ಲಿ ದೂರ ಇಮ್ಮಡಿಯಾದಾಗಲೆಲ್ಲ ಧ್ವನಿ ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ಒಂದು ಮೀಟರ್ ದೂರದಲ್ಲಿ 75 ಡೆಸಿಬೆಲ್ ಇರುವ ಗಟ್ಟಿ ದನಿ 64 ಮೀಟರ್ ತಲುಪುವ ಹೊತ್ತಿಗೆ 39ಕ್ಕೆ ಇಳಿದಿರುತ್ತದೆ. ಸುತ್ತಲೂ ಮೌನವಿದ್ದರೆ ಅಷ್ಟು ಸಾಕು, ಪಕ್ಕದವನು ಕೆಮ್ಮಿದರೆ ಸಾಲದು. ಸಮತಟ್ಟು ನೆಲದಲ್ಲಾದರೆ ಇದೂ ಉಳಿಯುವುದಿಲ್ಲ, ಏಕೆಂದರೆ ಮುಂದೆ ಕೂತವರ ತಲೆ, ಬಟ್ಟೆಗಳೇ ಧ್ವನಿಯನ್ನು ಹೀರಿಕೊಳ್ಳುತ್ತವೆ. ಗ್ರೀಕರು ಗುಡ್ಡದ ಇಳಿಜಾರನ್ನು ಕಡಿದು ಆಸನಗಳನ್ನು ಕಡಿದಾಗಿ ಮೇಲಕ್ಕೇರಿಸಿದ್ದರಿಂದ ಪ್ರತಿ ಸಾಲಿಗೂ ನಟನ ಬಾಯಿಂದ ನೇರ ದಾರಿ ಸಿಕ್ಕಿತು. ನಡುವಿನ ಗಟ್ಟಿ ನೆಲ ಧ್ವನಿಯನ್ನು ಮೇಲಕ್ಕೆ ಪ್ರತಿಫಲಿಸಿ ಒಂದಿಷ್ಟು ಬಲ ಕೂಡಿಸಿತು. ಕ್ರಿ.ಪೂ. 4ನೇ ಶತಮಾನದ ಎಪಿಡಾರಸ್ ರಂಗಮಂದಿರ ಇದಕ್ಕೆ ಪ್ರಸಿದ್ಧ ಉದಾಹರಣೆ. ಅಲ್ಲಿ ನಡುವೆ ನಾಣ್ಯ ಬೀಳಿಸಿದರೆ 55ನೇ ಸಾಲಿಗೂ ಕೇಳಿಸುತ್ತದೆ ಎಂಬ ಪ್ರತೀತಿಯಿದೆ. 2017ರಲ್ಲಿ ನೆದರ್ಲೆಂಡ್ಸ್‌ನ ಐಂಡ್‌ಹೋವನ್‌ ಸಂಶೋಧಕರು ಅಳೆದು ನೋಡಿದಾಗ ಅದು ಉತ್ಪ್ರೇಕ್ಷೆಯೆಂದು ಕಂಡಿತು. ದನಿಯೆತ್ತಿ ಆಡಿದ ಮಾತು ಮೇಲಿನವರೆಗೆ ಹೋಗುತ್ತದೆ, ಪಿಸುಮಾತು ಹೋಗದು.

ಮಾತು ಮುಟ್ಟಿದರೂ ಅಷ್ಟು ದೂರಕ್ಕೆ ಹುಬ್ಬಿನ ಕೊಂಕು ಕಾಣುವುದಿಲ್ಲ. ಆದ್ದರಿಂದಲೇ ದೂರದಿಂದಲೂ ಗುರುತಿಸಬಲ್ಲ ಮುಖವಾಡ, ಇಡೀ ತೋಳಿನ ಚಲನೆ, ಮತ್ತು ಬರುತ್ತಿರುವ ಪಾತ್ರ ಯಾರದೆಂದು ಮೊದಲೇ ಸಾರುವ ಮೇಳದ ಸಾಲುಗಳು. ಮುಖವಾಡದ ಬಾಯಿ ತುತ್ತೂರಿಯಂತೆ ಧ್ವನಿಯನ್ನು ಹಿಗ್ಗಿಸುತ್ತಿತ್ತು ಎಂಬ ಜನಪ್ರಿಯ ವಿವರಣೆಯನ್ನು ನಾನು ಒಪ್ಪುವುದಿಲ್ಲ. ರಂಗದಲ್ಲಿ ಬಳಸಿದ ಒಂದು ಮುಖವಾಡವೂ ಉಳಿದಿಲ್ಲ, ಚಿತ್ರಗಳಲ್ಲಿ ಕಾಣುವ ತೆರೆದ ಬಾಯಿಗೆ ಅಂಥ ಆಕಾರವೂ ಇಲ್ಲ.

ಇದೇ ತೊಡಕನ್ನು ಭರತನ ನಾಟ್ಯಶಾಸ್ತ್ರ ಬಿಡಿಸಿದ ಬಗೆ ತದ್ವಿರುದ್ಧವಾದುದು. ಅದರ ಎರಡನೆಯ ಅಧ್ಯಾಯ 108 ಹಸ್ತಗಳ ದೊಡ್ಡ ಮಂಟಪವನ್ನು ಹೆಸರಿಸಿಯೂ ಮನುಷ್ಯರಿಗೆ 64 ಹಸ್ತ ಉದ್ದ, 32 ಹಸ್ತ ಅಗಲದ್ದೇ ತಕ್ಕುದೆನ್ನುತ್ತದೆ. ಇಂದಿನ ಅಳತೆಯಲ್ಲಿ ಅದು ಸುಮಾರು 96 ಅಡಿಗೆ 48 ಅಡಿ. ಅದಕ್ಕಿಂತ ಹಿಗ್ಗಿದರೆ ಮಾತು ‘ವಿಸ್ವರತ್ವ’ಕ್ಕೆ, ಅಂದರೆ ಸ್ವರಗೆಟ್ಟ ದನಿಗೆ, ತಿರುಗುತ್ತದೆ, ಕಣ್ಣು ಮತ್ತು ಮುಖದ ಭಾವ ಅಸ್ಪಷ್ಟವಾಗುತ್ತದೆ ಎಂಬ ಎರಡೂ ಕಾರಣಗಳನ್ನು ಗ್ರಂಥವೇ ಕೊಡುತ್ತದೆ. ಮಂಟಪ ಬೆಟ್ಟದ ಗುಹೆಯಂತಿರಬೇಕು, ಗಾಳಿಯ ಸೆಳೆತವಿರಬಾರದು, ಆಗ ವಾದ್ಯಗಳ ನಾದ ಗಂಭೀರವಾಗುತ್ತದೆ ಎಂದೂ ಹೇಳುತ್ತದೆ. ಕಣ್ಣಿನ ಅಭಿನಯವನ್ನೇ ನೆಚ್ಚಿದ ರಂಗಭೂಮಿಗೆ ಬೇರೆ ದಾರಿಯಿರಲಿಲ್ಲ.

ಉಳಿದ ಕೆಲಸ ನಟನದು. ದೂರದ ಪಾತ್ರವನ್ನು ಕರೆಯುವಾಗ ದನಿ ಶಿರಸ್ಸಿನಿಂದ, ಅಷ್ಟು ದೂರವಿಲ್ಲದಾಗ ಕಂಠದಿಂದ, ಪಕ್ಕದವನೊಡನೆ ಎದೆಯಿಂದ ಹೊರಡಲಿ ಎನ್ನುವ ಭರತನ ಸ್ಥಾನವಿಭಾಗ ಈಗಿನ ಕಂಠಸಾಧನೆಯ ಪಾಠಗಳಿಗೂ ಹೊರತಲ್ಲ. ಹೊಸ ನಟರು ಕೇಳಿಸಲೆಂದು ಕೂಗುತ್ತಾರೆ. ಕೂಗಿದಾಗ ದೊಡ್ಡದಾಗುವುದು ಸ್ವರ, ಪದವನ್ನು ಬೇರ್ಪಡಿಸಿ ತೋರಿಸುವ ವ್ಯಂಜನ ಹಿಂದೆಯೇ ಉಳಿಯುತ್ತದೆ. ‘ಕಾಲ’, ‘ಗಾಳ’, ‘ತಾಳ’ ಮೂರನ್ನೂ ಕಿರುಚಿ ಹೇಳಿದರೆ ಕೊನೆಯ ಸಾಲಿಗೆ ಮುಟ್ಟುವುದು ‘ಆ…ಅ’ ಮಾತ್ರ. ಉಸಿರನ್ನು ಹೊಟ್ಟೆಯ ಆಳದಿಂದ ಆನಿಸಿಕೊಂಡು, ಮಾತಿನ ವೇಗ ತಗ್ಗಿಸಿ, ಪ್ರತಿ ವ್ಯಂಜನವನ್ನೂ ತುಟಿ ನಾಲಿಗೆಗಳಿಂದ ಕಡಿದು ಕೊಟ್ಟರೆ ಅದಕ್ಕಿಂತ ತಗ್ಗಿದ ದನಿಯಲ್ಲೂ ಮೂರು ಪದಗಳೂ ಬೇರೆಬೇರೆಯಾಗಿಯೇ ಅಲ್ಲಿಗೆ ತಲುಪುತ್ತವೆ.