ಕೆಲಸ ನಮ್ಮೂರಲ್ಲಿ, ದುಡ್ಡು ಯಾರೂರಿಗೆ?

ಗುದ್ದಲಿ ಪೂಜೆ ದಿನ ಊರವರು ತಪ್ಪದೇ ಕೇಳೋ ಮಾತು ಒಂದಿದೆ, ‘ಸಾರ್, ನಮ್ ಹುಡುಗ್ರಿಗೆ ಏನಾದ್ರೂ ಕೆಲ್ಸ ಸಿಗತ್ತಾ?’ ಅಂತ. ಇಂಜಿನಿಯರ್ ಆಗಿದ್ದಾಗ ನಾನೂ ‘ಕಂಟ್ರಾಕ್ಟರ್‌ಗೆ ಹೇಳ್ತೀನಿ ಬಿಡಿ’ ಅಂದು ಜೀಪ್ ಹತ್ತಿ ಬಂದವನೇ. ನಿಜ ಏನಂದ್ರೆ ಅಷ್ಟೊತ್ತಿಗೆ ಆ ಪ್ರಶ್ನೆಗೆ ಉತ್ತರ ಆಫೀಸಲ್ಲಿ ಬರೆದಾಗಿರತ್ತೆ, ಎಸ್ಟಿಮೇಟ್‌ನ ಹೆಂಗೆ ಕಟ್ಟಿದೀವಿ, ಎಷ್ಟು ಕೆಲಸ ಸೇರಿಸಿ ಒಂದು ಟೆಂಡರ್ ಮಾಡಿದೀವಿ, ಯಾರು ಹಾಕಬಹುದು ಅಂತ ಏನು ಕಂಡೀಶನ್ ಇಟ್ಟಿದೀವಿ, ಅಲ್ಲೇ ಎಲ್ಲಾ ತೀರ್ಮಾನ ಆಗೋಗಿರತ್ತೆ.

ನಾನು ಕಂಡಿದ್ದು ಒಂದು ಹೇಳ್ತೀನಿ. ಒಂದು ತಾಲ್ಲೂಕಲ್ಲಿ ಹನ್ನೆರಡು ಊರಿನ ಶಾಲೆಗಳಿಗೆ ಒಟ್ಟು 20 ಕೊಠಡಿ ಮಂಜೂರಾಗಿತ್ತು, ಆಗಿನ ಎಸ್‌ಆರ್ ರೇಟಲ್ಲಿ, ಅಂದ್ರೆ ಇಲಾಖೆಯ ದರಪಟ್ಟಿ ಪ್ರಕಾರ, ಕೊಠಡಿಗೆ ಸುಮಾರು 11 ಲಕ್ಷ. ಊರೂರಿಗೆ ಬೇರೆ ಬೇರೆ ಟೆಂಡರ್ ಕರೆದಿದ್ರೆ ಒಂದೊಂದು 11 ಲಕ್ಷದ್ದು, ಇಲ್ಲಾ 22 ಲಕ್ಷದ್ದು, ತಾಲ್ಲೂಕಿನ ಸಣ್ಣ ಕಂಟ್ರಾಕ್ಟರ್ ಕೈಗೆ ಎಟುಕೋ ಕೆಲಸ. ಆದ್ರೆ ಎಲ್ಲಾ ಸೇರಿಸಿ ಒಂದೇ ಪ್ಯಾಕೇಜ್ ಮಾಡಿದ್ರು, 2 ಕೋಟಿ 20 ಲಕ್ಷ. ಈಗ ಟೆಂಡರ್ ಹಾಕೋರು ಹಿಂದಿನ ಐದು ವರ್ಷದಲ್ಲಿ ಇಷ್ಟು ಟರ್ನೋವರ್ ತೋರಿಸ್ಬೇಕು, ಇದೇ ಥರದ ಕೆಲಸ ಇಷ್ಟು ಮೊತ್ತದ್ದು ಮುಗಿಸಿರ್ಬೇಕು, ಟೆಂಡರ್ ಜೊತೆ ಕಟ್ಟೋ ಠೇವಣಿ (ಇಎಂಡಿ) ದೊಡ್ಡದು, ಮಿಕ್ಸರ್ ವೈಬ್ರೇಟರ್ ಅಂತ ಮಷೀನ್ ಪಟ್ಟಿ ಬೇರೆ. ತಾಲ್ಲೂಕಲ್ಲಿ ಅದಕ್ಕೆ ಅರ್ಹರು ಒಬ್ರೂ ಇರ್ಲಿಲ್ಲ. ಬೇರೆ ಜಿಲ್ಲೆಯವ್ರು ಬಿಲೋ ಹಾಕಿ, ಅಂದ್ರೆ ಎಸ್ಟಿಮೇಟ್‌ಗಿಂತ ಕಮ್ಮಿ ರೇಟ್ ಹಾಕಿ, ಎಲ್1 (ಎಲ್ಲರಿಗಿಂತ ಕಮ್ಮಿ ರೇಟಿನವರು) ಆದ್ರು, ಆಮೇಲೆ ಮಾಡಿದ್ದೇನು, ಅದೇ ತಾಲ್ಲೂಕಿನ ಮೇಸ್ತ್ರಿಗಳನ್ನ ಕರೆದು ತುಂಡು ಗುತ್ತಿಗೆಗೆ ಕೊಟ್ಟರು! ಅಂದ್ರೆ ಕೆಲಸ ಮಾಡಿದ್ದು ನಮ್ಮವರೇ, ಲಾಭ ಮಾತ್ರ ಮಧ್ಯದಲ್ಲಿ ಇಳ್ಕೊಂಡ್ತು, ಬಿಲೋ ಹಾಕಿದ ಹೊರೆಯೂ ಕೊನೆಗೆ ಮೇಸ್ತ್ರಿ ರೇಟಿನ ಮೇಲೇ ಬಿತ್ತು. ಇನ್ನೊಂದು, ಆ ಮೇಸ್ತ್ರಿ ಹೆಸರಲ್ಲಿ ವರ್ಕ್ ಡನ್ ಸರ್ಟಿಫಿಕೇಟ್ ಬರಲ್ಲ, ಯಾಕಂದ್ರೆ ಕಾಗದದಲ್ಲಿ ಅವನು ಇಲ್ವೇ ಇಲ್ಲ. ಮುಂದಿನ ಟೆಂಡರ್‌ಗೂ ಅವನಿಗೆ ಅನುಭವ ಇಲ್ಲ ಅಂತಾನೇ ಲೆಕ್ಕ. ಹತ್ತು ಶಾಲೆ ಕಟ್ಟಿದ ಮನುಷ್ಯನಿಗೆ ಅನುಭವ ಇಲ್ಲ!

ಇದರಲ್ಲಿ ಕಣ್ಣಿಗೆ ಬೀಳದೇ ಹೋಗೋ ಇನ್ನೊಂದು ನಷ್ಟ ಮೀಸಲಾತೀದು. ನಮ್ಮಲ್ಲಿ ಸರ್ಕಾರಿ ಖರೀದಿ ನಡೆಯೋದು 1999ರ ಪಾರದರ್ಶಕತೆ ಕಾಯ್ದೆ ಮೇಲೆ, ಎಲ್ಲರೂ ಕೆಟಿಪಿಪಿ ಅಂತಾರೆ. ಅದಕ್ಕೆ ಆಮೇಲೆ ತಿದ್ದುಪಡಿ ತಂದು ಸಣ್ಣ ಕಾಮಗಾರಿಗಳಲ್ಲಿ ಪರಿಶಿಷ್ಟ ಜಾತಿ ಕಂಟ್ರಾಕ್ಟರ್‌ಗಳಿಗೆ ಶೇ 17.15, ಪರಿಶಿಷ್ಟ ಪಂಗಡದವ್ರಿಗೆ ಶೇ 6.95 ಅಂತ ಮೀಸಲಿಟ್ರು. ಮೊದಲು 50 ಲಕ್ಷದವರೆಗಿನ ಕೆಲಸಕ್ಕಿತ್ತು, 2023ರಲ್ಲಿ 1 ಕೋಟಿಗೆ ಏರಿಸಿದ್ರು. ಸರಿ, ಈಗ ಮೇಲಿನ ಲೆಕ್ಕ ಮತ್ತೆ ನೋಡಿ. 11 ಲಕ್ಷದ ಕೊಠಡಿಗಳು ಬಿಡಿಬಿಡಿಯಾಗಿದ್ರೆ ಎಲ್ಲಾ ಮೀಸಲಾತಿ ಲೆಕ್ಕದೊಳಗೆ ಬರತ್ತೆ, ಕಟ್ಟಿ ಪ್ಯಾಕೇಜ್ ಮಾಡಿದ ತಕ್ಷಣ ಮಿತಿ ದಾಟ್ತು, ಒಂದೂ ಬರಲ್ಲ. ಯಾರೂ ಕಾನೂನು ಮುರೀಲಿಲ್ಲ, ಬರೀ ಎಸ್ಟಿಮೇಟ್‌ಗಳನ್ನ ಒಟ್ಟು ಮಾಡಿದ್ರು ಅಷ್ಟೇ. ಮಿತಿ ಏರಿಸಿ ಅಂತ ಎಷ್ಟು ಕೂಗಾಡಿದ್ರೂ ಪ್ಯಾಕೇಜ್ ಕಟ್ಟೋ ಕೈ ಹಂಗೇ ಇದ್ರೆ ಏನ್ ಬಂತು?

ಹಂಗಂತ ಪ್ಯಾಕೇಜ್ ಅಂದ್ರೆಲ್ಲಾ ಕಳ್ಳಾಟ ಅಂತ ನಾನು ಹೇಳಲ್ಲ. ಒಬ್ಬ ಎಇ (ಸಹಾಯಕ ಇಂಜಿನಿಯರ್) ಕೈಲಿ ಹನ್ನೆರಡು ಕಂಟ್ರಾಕ್ಟು, ಕೆಲಸದ ಅಳತೆ ಬರೆಯೋ ಎಂಬಿ ಬುಕ್ಕು ಹನ್ನೆರಡು, ಹನ್ನೆರಡು ಕಡೆ ಕಾಂಕ್ರೀಟ್ ಗಟ್ಟಿ ಇದೆಯಾ ಅಂತ ನೋಡೋ ಕ್ಯೂಬ್ ಟೆಸ್ಟು ಅಂದ್ರೆ ಅವನಾದ್ರೂ ಮನುಷ್ಯನೇ. ಜೊತೆಗೆ ಬಿಲ್ಲಿನ ಕಥೆ. ಅನುದಾನ ಬರದೇ ಬಿಲ್ ಒಂದು ವರ್ಷ ಕೂತ್ರೆ ದೊಡ್ಡ ಕಂಟ್ರಾಕ್ಟರ್ ತಡ್ಕೋತಾನೆ, ಸಣ್ಣವನು ಮೀಟರ್ ಬಡ್ಡಿಗೆ ತಂದು ಸಿಮೆಂಟ್ ಅಂಗಡಿ ಉದ್ರಿ ತೀರಿಸ್ತಾನೆ, ಆಮೇಲೆ ಕೆಲಸಾನೇ ಬಿಡ್ತಾನೆ. ಸಣ್ಣವರಿಗೆ ಕೆಲಸ ಕೊಡಿ ಅಂತ ಭಾಷಣ ಮಾಡೋರು ಮೊದಲು ಅವರ ಬಿಲ್ ಟೈಮಿಗೆ ಕೊಡಿಸ್ಲಿ. ಮತ್ತೆ ‘ಲೋಕಲ್’ ಅಂದ ಕೂಡ್ಲೇ ಲೀಡರ್ ಭಾಮೈದ ಬಂದು ಮುಂದಿನ ಕುರ್ಚೀಲಿ ಕೂರೋದನ್ನೂ ನೋಡಿದೀನಿ, ಅದನ್ನ ಮುಚ್ಚಿಡೋದೇನಿಲ್ಲ.

ಕಂಟ್ರಾಕ್ಟರೇ ಬೇಡ ಅಂತ ಒಂದು ಪ್ರಯತ್ನ ಕರ್ನಾಟಕದಲ್ಲಿ ಹಿಂದೇನೇ ಆಗಿತ್ತು. 1970ರ ದಶಕದಲ್ಲಿ ಲ್ಯಾಂಡ್ ಆರ್ಮಿ ಶುರು ಮಾಡಿದ್ದು ಅದಕ್ಕೇ, ಹಳ್ಳಿ ಕೆಲಸ ಹಳ್ಳಿಯವರ ಕೈಲೇ ಮಾಡ್ಸೋಣ, ಮಧ್ಯವರ್ತಿ ತಿನ್ನೋದು ತಪ್ಪಲಿ ಅಂತ. ಅದೇ ಈಗಿನ ಕೆಆರ್‌ಐಡಿಎಲ್, ಹಳ್ಳಿ ಕಾಮಗಾರಿ ಮಾಡೋ ಸರ್ಕಾರಿ ನಿಗಮ. ನಿರ್ಮಿತಿ ಕೇಂದ್ರಗಳೂ ಹಂಗೇ, 1986ರಲ್ಲಿ ಕೇರಳದ ಕೊಲ್ಲಂನಲ್ಲಿ ಹುಟ್ಟಿದ್ದು, ಕಡಿಮೆ ಖರ್ಚಲ್ಲಿ ಕಟ್ಟೋದನ್ನ ಊರ ಗಾರೆಯವರಿಗೆ ಕಲಿಸ್ಬೇಕು ಅನ್ನೋದು ಮೂಲ ಯೋಚನೆ. ಆದ್ರೆ ಕೆಟಿಪಿಪಿ 4(ಜಿ) ವಿನಾಯಿತಿ ಹಾಕಿ ಇಂಥ ಸಂಸ್ಥೆಗಳಿಗೆ ಟೆಂಡರ್ ಇಲ್ಲದೇ ನೇರವಾಗಿ ಕೆಲಸ ಕೊಡೋದು ಈಗ ಎಷ್ಟೋ ಸಲ ಬರೀ ಬೇಗ ಆಗ್ಲಿ ಅಂತ, ಊರಿನ ಕೈಗಳಿಗೆ ಎಷ್ಟು ಹೋಯ್ತು ಅಂತ ಕೇಳೋರು ಕಡಿಮೆ.

ಬ್ರಿಟನ್‌ನಲ್ಲಿ ಇದನ್ನ ಬೇರೆ ದಾರೀಲಿ ಮಾಡ್ತಾರೆ. ಅಲ್ಲಿ ಫ್ರೇಮ್‌ವರ್ಕ್ ಅಂತ, ಒಂದಷ್ಟು ಕಂಟ್ರಾಕ್ಟರ್‌ಗಳನ್ನ ಮೊದಲೇ ಪರೀಕ್ಷೆ ಮಾಡಿ ಸಾಮಾನ್ಯವಾಗಿ ನಾಲ್ಕು ವರ್ಷಕ್ಕೆ ಪಟ್ಟಿ ಮಾಡ್ಕೋತಾರೆ, ಆಮೇಲೆ ಶಾಲೆಯೋ ಆಸ್ಪತ್ರೆಯೋ ಬಂದಾಗ ಆ ಪಟ್ಟಿಯವರ ಮಧ್ಯೆ ಮಾತ್ರ ಸಣ್ಣ ಪೈಪೋಟಿ. 2012ರಲ್ಲಿ ಸೋಷಿಯಲ್ ವ್ಯಾಲ್ಯೂ ಅಂತ ಒಂದು ಕಾಯ್ದೆ ಮಾಡಿದ್ರು, 2021ರಿಂದ ಅಲ್ಲಿನ ಕೇಂದ್ರ ಸರ್ಕಾರದ ದೊಡ್ಡ ಟೆಂಡರ್‌ಗಳಲ್ಲಿ ಕನಿಷ್ಠ ಶೇ 10 ಮಾರ್ಕ್ಸ್ ಅದಕ್ಕೇ. ಊರಿನ ಎಷ್ಟು ಹುಡುಗ್ರಿಗೆ ಅಪ್ರೆಂಟಿಸ್ ಕೆಲಸ ಕೊಡ್ತೀರಾ, ಸುತ್ತಮುತ್ತಲಿನ ಸಣ್ಣ ಕಂಪನಿಗಳಿಂದ ಎಷ್ಟು ಕೊಳ್ತೀರಾ, ಬರ್ಕೊಡಿ ಅಂತಾರೆ. ಸ್ಕಾಟ್ಲೆಂಡಲ್ಲಿ 40 ಲಕ್ಷ ಪೌಂಡ್ ಮತ್ತು ಮೇಲಿನ ಕೆಲಸ ಆದ್ರೆ ಊರಿಗೇನು ಲಾಭ ಅನ್ನೋ ಷರತ್ತು ಹಾಕೋ ಬಗ್ಗೆ ಯೋಚಿಸಲೇಬೇಕು, ಹಾಕದಿದ್ರೆ ಯಾಕೆ ಅಂತ ನೋಟಿಸಲ್ಲಿ ಹೇಳ್ಬೇಕು. ಅಲ್ಲೂ ಎಲ್ಲಾ ಬಂಗಾರ ಅಲ್ಲ ಬಿಡಿ, ಪಟ್ಟಿಗೆ ಸೇರೋಕಾಗದ ಸಣ್ಣವರು ವರ್ಷಗಟ್ಟಲೆ ಹೊರಗೇ, ಟೆಂಡರಲ್ಲಿ ಬರೆದ ಮಾತು ನಡೀತಾ ಅಂತ ಆಮೇಲೆ ನೋಡೋರೂ ಕಮ್ಮಿ. ಆದ್ರೆ ನನಗೆ ಹಿಡಿಸಿದ್ದು ಏನಂದ್ರೆ, ರೇಟ್ ಒಂದೇ ಅಲ್ಲ, ಊರಿಗೆ ಏನು ಅನ್ನೋದಕ್ಕೂ ಮಾರ್ಕ್ಸ್ ಇದೆ. ನಮ್ಮಲ್ಲಿ ಅರ್ಹತೆ ನೋಡೋ ಟೆಕ್ನಿಕಲ್ ಕವರ್ ಪಾಸಾದ್ರೆ ಮುಗೀತು, ಆಮೇಲೆ ಎಲ್1 ಒಂದೇ ದೇವರು.

ಕಾನೂನು ಬದಲಾಗೋವರೆಗೂ ಕೈಕಟ್ಟಿ ಕೂರ್ಬೇಕಾ? ಬೇಡ. ಇದೇ ಜಿಲ್ಲೆಯವರು ಮಾತ್ರ ಅಂತ ಬರೆದ್ರೆ ಕೋರ್ಟಲ್ಲಿ ನಿಲ್ಲೋದು ಕಷ್ಟ, ಆದ್ರೆ ಕೆಲಸಾನ ಹೋಬಳಿ ಲೆಕ್ಕದಲ್ಲಿ ಬಿಡಿ ಮಾಡೋದು, ಅನುಭವದ ಕಂಡೀಶನ್ ಕೆಲಸದ ಅಳತೆಗೆ ತಕ್ಕಷ್ಟೇ ಇಡೋದು, ಸಬ್‌ಕಾಂಟ್ರಾಕ್ಟ್ ಕೊಟ್ರೆ ಲಿಖಿತ ಒಪ್ಪಿಗೆ ಪಡೆದು ಅವನ ಹೆಸರು ರೆಕಾರ್ಡಿಗೆ ತರೋದು, ಇದೆಲ್ಲಾ ಇಇ (ಕಾರ್ಯಪಾಲಕ ಇಂಜಿನಿಯರ್) ಟೇಬಲ್ ಮೇಲೇ ಆಗೋ ಕೆಲಸ. ಸೆಸ್ ವಿಚಾರಾನೂ ಹಂಗೇ, ಪ್ರತಿ ಬಿಲ್ಲಲ್ಲೂ ಶೇ 1 ಕಾರ್ಮಿಕ ಕಲ್ಯಾಣಕ್ಕೆ ಅಂತ ಹಿಡೀತೀವಿ, ಆದ್ರೆ ಅದೇ ಸೈಟಲ್ಲಿ ಕಲ್ಲು ಹೊತ್ತ ಹೆಣ್ಣುಮಗಳ ಹತ್ರ ಲೇಬರ್ ಕಾರ್ಡ್ ಇದೆಯಾ, ಆ ಕಾರ್ಡಿಗೆ ಬೇಕಾದ 90 ದಿನ ಕೆಲಸ ಮಾಡಿದಾಳೆ ಅಂತ ಬರೆದುಕೊಡೋರು ಯಾರು ಅಂತ ನಾನು ಸರ್ವಿಸಲ್ಲಿದ್ದಾಗ ಒಂದು ಸಲಾನೂ ಕೇಳ್ಲಿಲ್ಲ. ಈಗ ನೆನೆಸ್ಕೊಂಡ್ರೆ ನಾಚಿಕೆ ಆಗತ್ತೆ.

ತಾಲ್ಲೂಕಿನ ಸಣ್ಣ ಕಂಟ್ರಾಕ್ಟರ್‌ಗಳಿಗೂ ಒಂದು ಮಾತು. ಟೆಂಡರ್ ನೋಟಿಫಿಕೇಶನ್ ಸರ್ಕಾರದ ಟೆಂಡರ್ ವೆಬ್‌ಸೈಟ್ ಆದ ಕೆಪಿಪಿಪಿ ಪೋರ್ಟಲಲ್ಲಿ ಯಾರು ಬೇಕಾದ್ರೂ ನೋಡಬಹುದು, ದೊಡ್ಡ ಕೆಲಸಕ್ಕೆ ಟೆಂಡರ್ ಹಾಕೋ ಮುಂಚೆ ಅನುಮಾನ ಕೇಳೋಕೆ ಕರೆಯೋ ಪ್ರೀ-ಬಿಡ್ ಮೀಟಿಂಗ್ ದಿನಾಂಕಾನೂ ಡಾಕ್ಯುಮೆಂಟಲ್ಲೇ ಇರತ್ತೆ. ಪ್ಯಾಕೇಜ್ ಯಾಕೆ ಕಟ್ಟಿದ್ರಿ ಅಂತ ಲಿಖಿತವಾಗಿ ಕೇಳೋಕೆ ಅದೇ ಜಾಗ, ಕೇಳಿದ್ರೆ ಉತ್ತರಾನೂ ಲಿಖಿತವಾಗೇ ಕೊಡ್ಬೇಕಾಗತ್ತೆ. ನಾನು ನಡೆಸಿದ ಇಂಥ ಮೀಟಿಂಗ್‌ಗಳಲ್ಲಿ ಎಷ್ಟೋ ಸಲ ಬಂದೋರು ಇಬ್ರು ಮೂವರು, ಅವರೂ ಎಲ್ಲಾ ಮೊದಲೇ ಗೊತ್ತಿದ್ದೋರೇ, ತರಿಸಿದ ಟೀ ಹಂಗೇ ಆರ್ತಿತ್ತು.