ಗರ್ಭಕಂಠದ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆ ಹಾಕಿಸುವ ದಿನ ಥೈರಾಯ್ಡ್ ಮಾತ್ರೆ ತಗೋಬಹುದಾ?

ತಗೋಬಹುದು. ಕಬ್ಬಿಣದ ಮಾತ್ರೆ, ಪಿಸಿಓಡಿಗೆ ಕೊಡುವ ಹಾರ್ಮೋನ್ ಮಾತ್ರೆ, ಆಸ್ತಮಾದ ಇನ್‌ಹೇಲರ್ ಯಾವುದನ್ನೂ ಆ ದಿನ ಬಿಡಬೇಕಿಲ್ಲ. ಗಾರ್ಡಸಿಲ್ ಎಂಬ ಎಚ್‌ಪಿವಿ ಲಸಿಕೆಯ ಪ್ರಯೋಗಗಳಲ್ಲಿದ್ದ 16ರಿಂದ 26 ವರ್ಷದ ಹೆಣ್ಣುಮಕ್ಕಳಲ್ಲಿ ಅರ್ಧಕ್ಕಿಂತ ಜಾಸ್ತಿ ಮಂದಿ ಹಾರ್ಮೋನ್ ಇರುವ ಗರ್ಭನಿರೋಧಕ ಬಳಸುತ್ತಿದ್ದರು. ಅದರಿಂದ ಲಸಿಕೆಯ ಪರಿಣಾಮವೇನೂ ಕಮ್ಮಿಯಾಗಲಿಲ್ಲ.

ಎರಡು ಮಾತ್ರೆ ಒಟ್ಟಿಗೆ ನುಂಗಿದರೆ ಕೆಲವೊಮ್ಮೆ ಒಂದು ಇನ್ನೊಂದರ ಕೆಲಸ ಕೆಡಿಸುತ್ತದೆ. ಎಷ್ಟೋ ಸಲ ಇದು ನಡೆಯುವುದು ಲಿವರ್‌ನಲ್ಲಿ. ಲಸಿಕೆಯ ದಾರಿಯೇ ಬೇರೆ. ಅದರಲ್ಲಿರುವುದು ಎಚ್‌ಪಿವಿ ವೈರಸ್ಸಿನ ಹೊರಕವಚದ ಎಲ್1 ಎಂಬ ಪ್ರೋಟೀನು. ಒಳಗೆ ಡಿಎನ್‌ಎ ಇಲ್ಲ, ಬರೀ ಖಾಲಿ ಚಿಪ್ಪು. ಗಾರ್ಡಸಿಲ್‌ಗೂ ಪುಣೆಯ ಸೀರಂ ಇನ್‌ಸ್ಟಿಟ್ಯೂಟ್‌ನ ಸರ್ವಾವ್ಯಾಕ್‌ಗೂ ಇದನ್ನು ಯೀಸ್ಟ್‌ನಲ್ಲಿ ಬೆಳೆಸುತ್ತಾರೆ. ತೋಳಿಗೆ ಚುಚ್ಚಿದ ಮೇಲೆ ರೋಗನಿರೋಧಕ ಕಣಗಳು ಈ ಚಿಪ್ಪನ್ನು ಕಂಕುಳಿನ ದುಗ್ಧಗ್ರಂಥಿಗೆ (ಲಿಂಫ್ ನೋಡ್) ಒಯ್ಯುತ್ತವೆ. ವೈರಸ್ಸನ್ನು ತಡೆಯುವ ಪ್ರತಿಕಾಯ (ಆ್ಯಂಟಿಬಾಡಿ) ತಯಾರಾಗುವ ಕೆಲಸ ಶುರುವಾಗುವುದು ಅಲ್ಲಿ.

ಹಾಗಾಗಿ ನೋಡಬೇಕಾದ್ದು ಈ ಕಣಗಳನ್ನೇ ಮಂಕು ಮಾಡುವ ಔಷಧಗಳನ್ನು. ದಿನಾ ಜಾಸ್ತಿ ಪ್ರಮಾಣದ ಪ್ರೆಡ್ನಿಸೋಲೋನ್ ಎಂಬ ಸ್ಟೀರಾಯ್ಡ್, ಕಿಡ್ನಿ ಕಸಿ ಆದವರ ಮಾತ್ರೆ, ಸಂಧಿವಾತದ ಮೆಥೊಟ್ರೆಕ್ಸೇಟ್ ಇಂಥವು. ಭಯ ಬೇಡ, ಜೀವಂತ ವೈರಸ್ಸೇ ಇಲ್ಲದ್ದರಿಂದ ಲಸಿಕೆಯಿಂದ ಸೋಂಕು ಬರುವುದಿಲ್ಲ. ಆದರೆ ಸಿಗುವ ರಕ್ಷಣೆ ಸ್ವಲ್ಪ ತೆಳುವಾಗಬಹುದು. ಅದಕ್ಕೇ 9ರಿಂದ 14 ವರ್ಷದವರಿಗೆ ಸಾಮಾನ್ಯವಾಗಿ 2 ಡೋಸ್ ಕೊಡುವ ಕಡೆ, ಇಂಥ ಮಕ್ಕಳಿಗೆ 3 ಕೊಡುತ್ತಾರೆ. ಸಂಧಿವಾತಕ್ಕೂ ಕೆಲವು ಕ್ಯಾನ್ಸರ್‌ಗೂ ಕೊಡುವ ರಿಟುಕ್ಸಿಮ್ಯಾಬ್ ಇಂಜೆಕ್ಷನ್ ಮಾತ್ರ ಬೇರೆ ಲೆಕ್ಕ. ಪ್ರತಿಕಾಯ ಮಾಡುವ ಬಿ ಕಣಗಳನ್ನೇ ಅದು ಅಳಿಸಿಹಾಕುತ್ತದೆ. ಹಾಗಾಗಿ ಅದರ ಮುಂದಿನ ಇಂಜೆಕ್ಷನ್ ಯಾವಾಗ ಅಂತ ನೋಡಿಕೊಂಡೇ ಲಸಿಕೆಯ ದಿನ ಗೊತ್ತು ಮಾಡಬೇಕಾಗುತ್ತದೆ.

ಇದನ್ನೆಲ್ಲ ಓದಿ ಮಾತ್ರೆಯನ್ನು ನೀವೇ ನಿಲ್ಲಿಸಿಬಿಟ್ಟೀರಿ! ರೋಗ ಮತ್ತೆ ಕೆರಳಿದರೆ ಅದರ ಪಾಡು ದೊಡ್ಡದು. ಚೀಟಿ ಹಿಡಿದು ಡಾಕ್ಟರನ್ನು ಕೇಳಿ.

ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ಳುವವರು ನರ್ಸ್‌ಗೆ ಮೊದಲೇ ಹೇಳಬೇಕು. ಸಣ್ಣ ಸೂಜಿ ಹಾಕಿ, 2 ನಿಮಿಷ ಒತ್ತಿ ಹಿಡಿದರೆ ಆಯಿತು. ಉಜ್ಜಬಾರದು. ಇಂಜೆಕ್ಷನ್ ಆದ ಕೂಡಲೇ ಉಜ್ಜುವುದು ನಮ್ಮಲ್ಲಿ ಎಲ್ಲರಿಗೂ ಅಭ್ಯಾಸ, ಅಲ್ವಾ?

ಇನ್ನು ಪ್ಯಾರಾಸಿಟಮಾಲ್. ನೋವು ಬರದಿರಲಿ ಅಂತ ಮುಂಚೆಯೇ ಸುಮ್ನೆ ನುಂಗಬೇಡಿ. ಬೇರೆ ಲಸಿಕೆ ಪಡೆದ ಕೂಸುಗಳಿಗೆ ಹೀಗೆ ಕೊಟ್ಟಾಗ ಪ್ರತಿಕಾಯ ಕಮ್ಮಿಯಾದದ್ದು 2009ರ ಒಂದು ಅಧ್ಯಯನದಲ್ಲಿ ಕಂಡಿತ್ತು. ಲಸಿಕೆ ಆದ ಮೇಲೆ ಜ್ವರವೋ ತೋಳುನೋವೋ ಬಂದರೆ ಧಾರಾಳವಾಗಿ ತಗೊಳ್ಳಿ.