ಸಂಜೆ ಅರಿವು ಕೇಂದ್ರಕ್ಕೆ ಹೋದರೆ ಮಕ್ಕಳ ಓದು ಕೆಡುತ್ತಾ?

ಪ್ರಶ್ನೆ: ನಮ್ಮೂರ ಪಂಚಾಯಿತಿ ಅರಿವು ಕೇಂದ್ರದಲ್ಲಿ ಸ್ಕೂಲ್ ಬಿಟ್ಟ ಮೇಲೆ ಮಕ್ಕಳೆಲ್ಲ ಸೇರುತ್ತಾರೆ. ಕೇರಂ, ಚೆಸ್, ಕಥೆ ಪುಸ್ತಕ ಅಂತ ಕತ್ತಲಾಗೋವರೆಗೂ ಅಲ್ಲೇ ಇರುತ್ತಾರೆ. ನಮ್ಮ ಹುಡುಗ ಏಳನೇ ಕ್ಲಾಸು. ಕಳಿಸಿದರೆ ಓದು ಹಾಳಾಗಲ್ವಾ? ಅದರ ಬದಲು ಟ್ಯೂಷನ್‌ಗೆ ಹಾಕೋದು ಒಳ್ಳೇದಲ್ವಾ?

ಉತ್ತರ: ಕಳಿಸಿ. ಓದು ಹಾಳಾಗುವುದಿಲ್ಲ.

ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಬರೆದರೂ ಜೂನ್ ಬಂತು ಅಂದರೆ ಮತ್ತೆ ಬರುತ್ತದೆ. ಊರಿನ ಹೆಸರು ಮಾತ್ರ ಬೇರೆ. ಅದಕ್ಕೇ ಈ ಸಲ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಅರಿವು ಕೇಂದ್ರ ಅಂತ ಈಗ ಕರೆಯುವ ಪಂಚಾಯಿತಿ ಗ್ರಂಥಾಲಯಗಳು ಮಕ್ಕಳ ಜಾಗವಾಗಿದ್ದು ಈಚೆಗೆ. ಕೋವಿಡ್‌ನಿಂದ ಶಾಲೆ ಮುಚ್ಚಿದ್ದಾಗ, 2020ರ ನವೆಂಬರ್‌ನಲ್ಲಿ, ‘ಓದುವ ಬೆಳಕು’ ಕಾರ್ಯಕ್ರಮ ಶುರುವಾಯಿತು. 6ರಿಂದ 18 ವರ್ಷದ ಮಕ್ಕಳಿಗೆ ಸದಸ್ಯತ್ವ ಉಚಿತ ಅಂತ ಆಯಿತು. ಅಲ್ಲಿಯವರೆಗೆ ಪೇಪರ್ ಓದುವ ಹಿರಿಯರು ಮಾತ್ರ ಕೂರುತ್ತಿದ್ದ ಕೋಣೆಗೆ ಮಕ್ಕಳು ನುಗ್ಗಿದರು. ಇಷ್ಟು ನಿಮಗೂ ಗೊತ್ತಿರುತ್ತದೆ.

ಈಗ ಆ ಹಠಮಾರಿ ನಂಬಿಕೆಗೆ ಬರೋಣ: ಆಟಕ್ಕೆ ಹೋದ ಹೊತ್ತೆಲ್ಲ ಓದಿನಿಂದ ಕಿತ್ತುಕೊಂಡ ಹೊತ್ತು. ಕೇಳೋದಕ್ಕೆ ಸರಿ ಅನ್ನಿಸುತ್ತದೆ, ಆದರೆ ತಪ್ಪು.

ನಾಲ್ಕೂವರೆಯಿಂದ ಆರೂವರೆವರೆಗೆ ನಿಮ್ಮ ಮನೆಯಲ್ಲಿ ನಿಜಕ್ಕೂ ಏನು ನಡೆಯುತ್ತದೆ, ನೆನಪು ಮಾಡಿಕೊಳ್ಳಿ. ಹುಡುಗ ಬ್ಯಾಗ್ ಮೂಲೆಗೆ ಎಸೆಯುತ್ತಾನೆ. ಅಪ್ಪ ಹೊಲದಲ್ಲಿ, ಅಮ್ಮ ಗಾರ್ಮೆಂಟ್ಸ್‌ನಿಂದ ಇನ್ನೂ ಬಂದಿಲ್ಲ. ಬೆಳಗ್ಗೆಯಿಂದ ಬೆಂಚಿನ ಮೇಲೆ ಕೂತು ಬಂದ ಮಗು ತಾನಾಗಿ ವಿಜ್ಞಾನದ ಪುಸ್ತಕ ತೆಗೆಯುತ್ತದಾ? ಟಿವಿ ಹಾಕುತ್ತದೆ, ಇಲ್ಲಾ ಅಜ್ಜಿಯ ಫೋನ್ ಹಿಡಿದು ಕೂರುತ್ತದೆ. ಆ ಎರಡು ಗಂಟೆ ಓದಿನ ಲೆಕ್ಕದಲ್ಲಿ ಯಾವತ್ತೂ ಇರಲೇ ಇಲ್ಲ. ಇಲ್ಲದ್ದನ್ನು ಕೇರಂ ಬೋರ್ಡ್ ಕಿತ್ತುಕೊಳ್ಳೋದು ಹೇಗೆ?

ಇನ್ನು ಅಲ್ಲಿ ‘ಸುಮ್ನೆ ಆಡ್ತಾರೆ’ ಅನ್ನುವ ಮಾತು. ಒಂದು ದಿನ ಹೋಗಿ ಬೋರ್ಡ್ ಪಕ್ಕ ನಿಂತು ನೋಡಿ. ಕಪ್ಪು ಕಾಯಿಗೆ ಹತ್ತು, ಬಿಳಿಗೆ ಇಪ್ಪತ್ತು, ಕೆಂಪಿಗೆ ಐವತ್ತು. ನಾಲ್ಕನೇ ಕ್ಲಾಸಿನವನು ಬೆರಳು ಮಡಚಿ ಒಟ್ಟು ಹಾಕುತ್ತಾನೆ. ಏಳನೆಯವನು ಹತ್ತು ಪಾಯಿಂಟ್ ನುಂಗಲು ನೋಡುತ್ತಾನೆ. ಚಿಕ್ಕವನು ಬಿಡಲ್ಲ, ಮೊದಲಿಂದ ಎಣಿಸಿ ತೋರಿಸುತ್ತಾನೆ. ಕ್ಲಾಸಿನಲ್ಲಿ ಬೋರ್ಡ್ ಹತ್ತಿರ ಕರೆದರೆ ತಲೆ ತಗ್ಗಿಸುವ ಹುಡುಗನೇ ಇವನು! ತಪ್ಪಾದರೆ ಯಾರೂ ಕೆಂಪು ಇಂಕಿನಲ್ಲಿ ಗೀಟು ಹಾಕಲ್ಲ ಅನ್ನುವ ಧೈರ್ಯ ಅವನಿಗೆ ಅಲ್ಲಿ ಸಿಕ್ಕಿದೆ. ಓದಿನಲ್ಲೂ ಹಾಗೆಯೇ. ನಲವತ್ತು ಜನರ ಎದುರು ತಡವರಿಸುವ ಮಗು ತನಗಿಂತ ಚಿಕ್ಕವರಿಗೆ ಚಿತ್ರದ ಪುಸ್ತಕ ಗಟ್ಟಿಯಾಗಿ ಓದಿ ಹೇಳುತ್ತದೆ. ಓದು ಸರಾಗವಾಗೋದು ಹೀಗೇ.

ಇಷ್ಟು ಹೇಳಿದರೂ ‘ಅದೆಲ್ಲ ಸರಿ, ಮಾರ್ಕ್ಸ್?’ ಅಂತ ಕೇಳುತ್ತೀರಿ. ಸರಿ, ಮಾರ್ಕ್ಸ್ ಲೆಕ್ಕವನ್ನೇ ನೋಡೋಣ. ಲಂಡನ್ನಿನಲ್ಲಿ ಸರ್ಕಾರ ಖರ್ಚು ಕಡಿತ ಮಾಡಿದ್ದರಿಂದ 2010ರಿಂದ 2019ರ ನಡುವೆ ಸುಮಾರು 30% ಯೂತ್ ಕ್ಲಬ್‌ಗಳು ಮುಚ್ಚಿದವು. ಅವೇನೂ ಟ್ಯೂಷನ್ ಸೆಂಟರ್‌ಗಳಲ್ಲ. ಆಟ, ಸಂಗೀತ, ಹರಟೆ, ಜೊತೆಗೆ ಮಕ್ಕಳ ಮಾತು ಕೇಳಿಸಿಕೊಳ್ಳುವ ಒಬ್ಬ ದೊಡ್ಡವರು. ಇನ್‌ಸ್ಟಿಟ್ಯೂಟ್ ಫಾರ್ ಫಿಸ್ಕಲ್ ಸ್ಟಡೀಸ್ ಅನ್ನುವ ಸಂಸ್ಥೆ 2024ರಲ್ಲಿ ಇದರ ಪರಿಣಾಮವನ್ನು ಲೆಕ್ಕ ಹಾಕಿತು. ಹತ್ತಿರದ ಕ್ಲಬ್ ಮುಚ್ಚಿದ ಮಕ್ಕಳನ್ನೂ, ಮುಚ್ಚದೆ ಉಳಿದ ಕಡೆಯ ಮಕ್ಕಳನ್ನೂ ಹೋಲಿಸಿ ನೋಡಿತು. ನಿಮ್ಮ ಲೆಕ್ಕದ ಪ್ರಕಾರ ಆಟದ ಜಾಗ ಹೋಯಿತು, ಓದಲು ಹೊತ್ತು ಸಿಕ್ಕಿತು, ಮಾರ್ಕ್ಸ್ ಏರಬೇಕಿತ್ತು ಅಲ್ವಾ? ಇಳಿಯಿತು. ನಮ್ಮ ಎಸ್ಸೆಸ್ಸೆಲ್ಸಿಯಂತೆ ಹದಿನಾರನೇ ವಯಸ್ಸಿಗೆ ಬರೆಯುವ ಪರೀಕ್ಷೆಯಲ್ಲಿ ಆ ಮಕ್ಕಳು ಹಿಂದೆ ಬಿದ್ದರು. ಎಲ್ಲರನ್ನೂ ಸೇರಿಸಿ ನೋಡಿದರೆ ಇಳಿಕೆ ಸಣ್ಣದು. ಬಡವರ ಮನೆಯ ಮಕ್ಕಳಲ್ಲಿ ಮಾತ್ರ ಜಾಸ್ತಿ. 10ರಿಂದ 17 ವರ್ಷದವರು ಅಪರಾಧಕ್ಕೆ ಇಳಿಯುವ ಸಾಧ್ಯತೆಯೂ 14% ಏರಿತು. ಕ್ಲಬ್ ಮುಚ್ಚಿ ಉಳಿಸಿದ ಒಂದೊಂದು ಪೌಂಡಿಗೂ ಸಮಾಜಕ್ಕೆ ಹತ್ತಿರ ಹತ್ತಿರ ಮೂರು ಪೌಂಡ್ ನಷ್ಟ ಅಂತ ಅವರು ಲೆಕ್ಕ ಕೊಟ್ಟಿದ್ದಾರೆ.

ಲಂಡನ್ ಬೇರೆ, ನಮ್ಮೂರು ಬೇರೆ. ಅಲ್ಲಿಯ ಅಂಕಿಯನ್ನು ಇಲ್ಲಿಗೆ ಹಾಗೇ ಎತ್ತಿಡಬೇಡಿ. ಆದರೆ ‘ಆಟದ ಜಾಗ ಇದ್ದರೆ ಓದು ಕೆಡುತ್ತೆ’ ಅನ್ನುವವರು ಇದಕ್ಕೆ ಉತ್ತರ ಕೊಡಬೇಕಾಗುತ್ತದೆ.

ಟ್ಯೂಷನ್ ಬೇಡ ಅಂತ ನಾನು ಹೇಳುತ್ತಿಲ್ಲ. ಗಣಿತದಲ್ಲೋ ಇಂಗ್ಲಿಷಿನಲ್ಲೋ ನಿಜಕ್ಕೂ ಹಿಂದಿದ್ದರೆ ವಾರಕ್ಕೆ ಎರಡು ಮೂರು ದಿನ ಕಳಿಸಿ, ಉಳಿದ ದಿನ ಅರಿವು ಕೇಂದ್ರಕ್ಕೆ ಹೋಗಲಿ. ಒಂದು ಮಾತು ಮಾತ್ರ ನೆನಪಿಡಿ: ಬಾಗಿಲ ಬೀಗ ತೆಗೆದಿಟ್ಟರೆ ಸಾಲದು. ಮೇಲ್ವಿಚಾರಕರು ಮಕ್ಕಳ ಹೆಸರು ಹಿಡಿದು ಕರೆಯುವಂಥವರಾ, ಎರಡು ದಿನ ಬರದಿದ್ದರೆ ವಿಚಾರಿಸುತ್ತಾರಾ, ದೊಡ್ಡ ಹುಡುಗರು ಚಿಕ್ಕವರನ್ನು ಗೋಳು ಹುಯ್ದುಕೊಂಡರೆ ತಡೆಯುತ್ತಾರಾ, ಹೋಗಿ ನೋಡಿ. ಯಾರೂ ನೋಡಿಕೊಳ್ಳದ ಕೋಣೆಗೆ ಕಳಿಸಿ ಅಂತ ನಾನೂ ಹೇಳಲ್ಲ.

ನೀವು ಮಗನ ಬಗ್ಗೆ ಕೇಳಿದಿರಿ. ಮಗಳ ಬಗ್ಗೆ ಯಾರೂ ಕೇಳುವುದಿಲ್ಲ, ಅದೇ ನನಗೆ ಬೇಜಾರು. ಐದನೇ ಕ್ಲಾಸಿನವರೆಗೆ ಹುಡುಗಿಯರು ಹುಡುಗರಷ್ಟೇ ಬರುತ್ತಾರೆ. ಏಳು, ಎಂಟಕ್ಕೆ ಬರುವಷ್ಟರಲ್ಲಿ ಕಡಿಮೆಯಾಗುತ್ತಾರೆ. ಕೇಳಿದರೆ ‘ಇಷ್ಟ ಇಲ್ವಂತೆ’ ಅನ್ನುತ್ತಾರೆ. ಇಷ್ಟ ಇದೆ. ಸ್ಕೂಲಿಂದ ಬಂದವಳು ನೀರು ಹಿಡಿಯಬೇಕು, ತಮ್ಮನನ್ನು ನೋಡಿಕೊಳ್ಳಬೇಕು, ಪಾತ್ರೆ ತೊಳೆಯಬೇಕು. ಅದು ಮುಗಿಯುವ ಹೊತ್ತಿಗೆ ಕತ್ತಲು. ದಾರಿಯಲ್ಲಿ ದೀಪ ಇಲ್ಲ, ಕಟ್ಟೆ ಮೇಲೆ ಗಂಡಸರು ಕೂತಿರುತ್ತಾರೆ.

ಇದಕ್ಕೆ ದಾರಿ ಇದೆ. ತಮ್ಮನನ್ನೂ ಜೊತೆಗೆ ಕರೆದುಕೊಂಡು ಬರಲಿ, ಚಿಕ್ಕವರಿಗೂ ಅಲ್ಲಿ ಪುಸ್ತಕ ಇದೆ. ಭಾನುವಾರ ಬೆಳಗ್ಗೆ ಎರಡು ಗಂಟೆ ಹೊತ್ತು ತೆರೆಯಲು ಆಗುತ್ತಾ ಅಂತ ಮೇಲ್ವಿಚಾರಕರನ್ನು ಕೇಳಿ. ನಾಲ್ಕೈದು ಹುಡುಗಿಯರನ್ನು ಗುಂಪಾಗಿ ಕಳಿಸಿ, ಒಬ್ಬರಲ್ಲ ಒಬ್ಬರು ಅಮ್ಮಂದಿರು ಸರದಿ ಮೇಲೆ ಕರೆತರಲಿ. ದೀಪದ ವಿಷಯವನ್ನು ಪಂಚಾಯಿತಿಯ ಮಕ್ಕಳ ಗ್ರಾಮಸಭೆಯಲ್ಲಿ ಹುಡುಗಿಯರೇ ಎತ್ತಲಿ. ಈ ಸಲದ ಸಭೆ ಯಾವತ್ತು ಅಂತ ಪಿಡಿಒ ಅವರನ್ನು ಈಗಲೇ ಕೇಳಿಟ್ಟುಕೊಳ್ಳಿ. ಯಾವ ಕಂಬದಲ್ಲಿ ದೀಪ ಇಲ್ಲ ಅನ್ನೋದನ್ನು ಮಕ್ಕಳು ಚೀಟಿಯಲ್ಲಿ ಬರೆದುಕೊಂಡು ಹೋಗಲಿ.